ಕೌದಿ ಕಡಲು ದಾಟುವಾಗ

ಅಳ್ನಾವರದಲ್ಲಿ ಕವಲೊಡೆದ ರೈಲು ಹಳಿ ಕಾಡಿನಂಚು ಹಿಡಿದು ಸಾಗಿ ಅಂಬೇವಾಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ದಾಂಡೇಲಿ ಪೇಟೆ, ಕಾಳಿ ನದಿ, ನದಿಯ ನೀರನ್ನು ನಂಬಿ 1955ರಲ್ಲಿ ಹುಟ್ಟಿಕೊಂಡ ವೆಸ್ಟ್ ಕೋಸ್ಟ್ ಕಾಗದ ಕಂಪನಿ, ಆಮೇಲೆ ಜೋಯಿಡಾದ ದಟ್ಟ ಕಾಡು. ಜನರಿಗಿಂತ ಹೆಚ್ಚಾಗಿ ಸರಕನ್ನೇ ಹೊತ್ತ ಹಳಿ ಇದು. ಪ್ರಯಾಣಿಕರ ಗಾಡಿ ಎಷ್ಟೋ ವರ್ಷ ನಿಂತೇ ಹೋಗಿತ್ತು. 2019ರ ನವೆಂಬರಿನಲ್ಲಿ ಮತ್ತೆ ಶುರುವಾಯಿತು. ತೇಗದ ದಿಮ್ಮಿ, ಬಿದಿರು, ಕಾಗದ ಹೀಗೆ ಈ ಸೀಮೆಯ ಸಂಪತ್ತು ತಲೆಮಾರುಗಳಿಂದ ದೂರದೂರಿನ ಮಾರುಕಟ್ಟೆಗೆ ಹೋಗುತ್ತಲೇ ಇದೆ. ದಿಮ್ಮಿಗೆ ಬೆಲೆ ಕಟ್ಟಿದವರು ಮಾತ್ರ ಎಂದೂ ಕಾಡಿನ ಜನ ಆಗಿರಲಿಲ್ಲ.

ಈಗ ಅದೇ ಕಾಡಿನ ಜನ ತಾವೇ ಮಾರುವವರಾಗಿ ನಿಲ್ಲಬಹುದಾದ ಒಂದು ವಸ್ತುವಿದೆ. ಅಂಬೇವಾಡಿಯಿಂದ ಬಸ್ಸು ಹಿಡಿದರೆ ಒಂದು ಗಂಟೆಯೊಳಗೆ ಸಿಗುವ ಹಳಿಯಾಳದ ಸುತ್ತಲ ಹಳ್ಳಿಗಳಲ್ಲಿ, ಮುಂಡಗೋಡ, ಯಲ್ಲಾಪುರಗಳ ಕೇರಿಗಳಲ್ಲಿ ಆಫ್ರಿಕ ಮೂಲದ ಸಿದ್ದಿ ಹೆಂಗಸರು ಹೊಲಿಯುವ ಕೌದಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು, ಹೊಲಿಯುವವರು ಸಹಕಾರಿ ಗುಂಪು ಕಟ್ಟಿಕೊಳ್ಳಲು ಜೊತೆ ನಿಂತರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಉತ್ತರ ಕನ್ನಡದ ಕೌದಿಗಳು ತೂಗಿದವು. ಮನೆಯ ಮಕ್ಕಳಿಗೆ, ಮುದುಕರಿಗೆ ಹೊದೆಯಲೆಂದು ಹೊಲಿದದ್ದು ಕಲಾಕೃತಿಯಾಗಿ ನಿಂತಿತು, ಕೊಳ್ಳುವವರೂ ಹುಟ್ಟಿಕೊಂಡರು.

ಕೊಳ್ಳುವವರಿದ್ದಾರೆಂದ ಮೇಲೆ ಯೋಜನೆ ಬೇಕು. ಹೊರದೇಶದ ಮಾರುಕಟ್ಟೆಗೆ ಯೋಜನೆ ಬರೆಯುವವರು ಸಾಮಾನ್ಯವಾಗಿ ನಾಲ್ಕು ಪ್ರಶ್ನೆ ಕೇಳುತ್ತಾರೆ: ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಕೊಡಬೇಕು, ಹೇಗೆ ತಲುಪಿಸಬೇಕು, ಏನು ಹೇಳಿ ಮಾರಬೇಕು. ವಾಣಿಜ್ಯ ಕಾಲೇಜಿನ ಪಠ್ಯದಲ್ಲಿ ಇವಕ್ಕೆ ಉತ್ತರ ಸಿಗುತ್ತದೆ. ಐದನೆಯ ಪ್ರಶ್ನೆಯೊಂದು ಅಲ್ಲಿರುವುದಿಲ್ಲ. ಯಾವುದನ್ನು ಮಾರಬಾರದು? ಇದು ಲೆಕ್ಕದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಸಿದ್ದಿಗಳ ವಿಷಯದಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದೆ. ಏಕೆಂದರೆ ಈ ಜನ ಅಂತರರಾಷ್ಟ್ರೀಯ ಮಾರುಕಟ್ಟೆಯನ್ನು ಒಮ್ಮೆ ಕಂಡಿದ್ದಾರೆ. ಆಗ ಅವರೇ ಸರಕಾಗಿದ್ದರು.

ಆಫ್ರಿಕದ ಪೂರ್ವ ಕರಾವಳಿಯಿಂದ ಭಾರತಕ್ಕೆ ಬಂದವರೆಲ್ಲ ಗುಲಾಮರಾಗಿ ಬಂದವರಲ್ಲ, ನಾವಿಕರಿದ್ದರು, ಸಿಪಾಯಿಗಳಿದ್ದರು. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿ, ಮೊಗಲರ ದಂಡನ್ನು ತಡೆದು, 1626ರಲ್ಲಿ ತೀರಿಕೊಂಡ. ಆದರೆ ಉತ್ತರ ಕನ್ನಡದ ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರು ಗೋವಾದ ಮೂಲಕ ಬಂದವರು. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತುಂಬಿಕೊಂಡು ತಂದು ಗೋವಾದಲ್ಲಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಕಾಡು ಸೇರಿದರು. ಪೋರ್ಚುಗಲ್ ತನ್ನ ಆಳ್ವಿಕೆಯ ನಾಡುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಆದೇಶ ಹೊರಡಿಸಿದ್ದು 1869ರಲ್ಲಿ. ಭಾರತ ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಒಪ್ಪಿದ್ದು 2003ರಲ್ಲಿ. ಈ ಎರಡರ ನಡುವೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಅವರು ಕಾಡಿನ ಕೂಲಿಯಾಗಿ, ಒಕ್ಕಲಾಗಿ, ಜೀತವಾಗಿ ಇನ್ನೊಬ್ಬರ ಹೊಲದಲ್ಲಿ ದುಡಿದರು.

ಮನುಷ್ಯರನ್ನು ಮಾರುವ ಈ ವ್ಯಾಪಾರವನ್ನು ನಮ್ಮ ನೆಲದ ಎರಡು ಧರ್ಮಗಳು ಬಹಳ ಹಿಂದೆಯೇ ಹೆಸರಿಟ್ಟು ನಿಷೇಧಿಸಿದ್ದವು. ಅಂಗುತ್ತರ ನಿಕಾಯದಲ್ಲಿ ಬುದ್ಧ ಗೃಹಸ್ಥನಾದ ಉಪಾಸಕ ಮಾಡಕೂಡದ ಐದು ವ್ಯಾಪಾರಗಳನ್ನು ಎಣಿಸುತ್ತಾನೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಎರಡನೆಯದಕ್ಕೆ ಮನುಷ್ಯರ ವಿಕ್ರಯವೆಂದೇ ಪ್ರಾಚೀನ ಪಾಲಿ ವ್ಯಾಖ್ಯಾನ ಅರ್ಥ ಹೇಳುತ್ತದೆ. ಜೈನ ಶ್ರಾವಕರಿಗೆ ಹೇಳಿದ ಪಟ್ಟಿ ಇನ್ನೂ ಉದ್ದ. ಕರ್ಮಾದಾನವೆಂದು ಕರೆಯುವ ಹದಿನೈದು ಉದ್ಯೋಗಗಳನ್ನು ಅವರು ಬಿಡಬೇಕು. ಅದರಲ್ಲಿ ಕೇಶವಾಣಿಜ್ಯವಿದೆ, ಎಂದರೆ ದಾಸದಾಸಿಯರ ಮತ್ತು ಪಶುಗಳ ಮಾರಾಟ. ವನಕರ್ಮವಿದೆ, ಕಾಡು ಕಡಿದು ಮಾರುವುದು. ಅಂಗಾರಕರ್ಮವಿದೆ, ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ ಮಾರುವುದು. ದಾಂಡೇಲಿಯ ತೇಗವನ್ನೂ ಸಿದ್ದಿಗಳ ಪೂರ್ವಜರನ್ನೂ ಬಲ್ಲ ಓದುಗರಿಗೆ ಈ ಪಟ್ಟಿ ನಮ್ಮ ಜಿಲ್ಲೆಯನ್ನೇ ನೋಡಿ ಬರೆದಂತೆ ಕಂಡರೆ ಆಶ್ಚರ್ಯವಿಲ್ಲ. ಈ ಪಟ್ಟಿಯನ್ನು ಉಳಿಸಿಕೊಂಡು ಬಂದವರು ವ್ಯಾಪಾರವನ್ನೇ ಕುಲಕಸುಬಾಗಿ ಮಾಡಿಕೊಂಡ ಸಮುದಾಯ ಎಂಬುದನ್ನು ಮರೆಯಬಾರದು. ವ್ಯಾಪಾರ ಬೇಡವೆಂದು ಅವರು ಹೇಳಲಿಲ್ಲ. ವ್ಯಾಪಾರಕ್ಕೊಂದು ಗಡಿ ಹಾಕಿದರು.

ಕನ್ನಡ ನಾಡಿಗೆ ಕಡಲಾಚೆಯ ವ್ಯಾಪಾರವೂ ಹೊಸದಲ್ಲ. ಐಹೊಳೆಯನ್ನು ಮೂಲವೆಂದು ಹೇಳಿಕೊಂಡ ಅಯ್ಯಾವೊಳೆ ಐನೂರ್ವರ ಸಂಘ ಎತ್ತು, ಕತ್ತೆ, ಹಡಗುಗಳ ಮೇಲೆ ಸರಕು ಹೇರಿಕೊಂಡು ದೇಶಾಂತರ ತಿರುಗಿತು. ಅವರ ತಮಿಳು ಶಾಖೆಯ ಶಾಸನ, 1088ರದ್ದು, ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕಿದೆ. ಆ ವರ್ತಕರು ತಮ್ಮನ್ನು ವೀರಬಣಂಜುಧರ್ಮದ ಪಾಲಕರೆಂದು ಶಾಸನಗಳಲ್ಲಿ ಕೊಂಡಾಡಿಕೊಂಡರು. ಸರಕಿನ ಪಟ್ಟಿಯ ಪಕ್ಕದಲ್ಲೇ ಧರ್ಮ ಎಂಬ ಮಾತು ಬರೆಯುವುದು ಅವರಿಗೆ ವಿಚಿತ್ರವೆನಿಸಲಿಲ್ಲ. ಅವರು ಆ ಧರ್ಮವನ್ನು ಎಷ್ಟರಮಟ್ಟಿಗೆ ಪಾಲಿಸಿದರೆಂಬುದು ಬೇರೆ ಮಾತು.

ಕೌದಿಗೆ ಮರಳೋಣ. ಮನೆಮಂದಿಯ ಹರಿದ ಅರಿವೆಗಳನ್ನು ಒಟ್ಟು ಹಾಕಿ, ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಅದರ ಮೇಲೆ ತುಂಡುಗಳನ್ನಿಟ್ಟು ಕೈಸೂಜಿಯಲ್ಲಿ ಹೊಲಿಯುತ್ತ ಹೋಗುತ್ತಾರೆ. ಒಂದು ಮೂಲೆಯಲ್ಲಿ ಶುರುವಾದ ಹೊಲಿಗೆ ಅಂಚು ಸುತ್ತಿ, ಸುತ್ತು ಕಿರಿದಾಗುತ್ತ ನಡುವಿಗೆ ಬಂದು ಮುಗಿಯುತ್ತದೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆ ಕಾಣಿಸುತ್ತದೆ, ಮುಸ್ಲಿಮರ ಕೌದಿಯಲ್ಲಿ ಅರ್ಧಚಂದ್ರ. ನಾಲ್ಕು ಮೂಲೆಗಳಿಗೆ ಬಟ್ಟೆ ಮಡಿಚಿ ಮಾಡಿದ ಪುಟ್ಟ ತ್ರಿಕೋನಗಳನ್ನು ಸೇರಿಸುತ್ತಾರೆ, ಅವುಗಳನ್ನು ಫುಲ ಎನ್ನುತ್ತಾರೆ. ಫುಲವಿಲ್ಲದ ಕೌದಿ ಬೆತ್ತಲೆ ಎಂದು ಹೊಲಿಯುವವರು ಹೇಳುವುದನ್ನು ಡ್ರೂವಲ್ ದಾಖಲಿಸಿದ್ದಾರೆ. ಆ ಫುಲದಿಂದ ಕೌದಿ ಬೆಚ್ಚಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಉಪಯೋಗ, ಬೆಲೆ ಎರಡನ್ನೂ ಮೀರಿದ ಏನೋ ಒಂದು ಅಲ್ಲಿದೆ.

ಜರ್ಮನಿಯ ದಾರ್ಶನಿಕ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಪುಸ್ತಕದಲ್ಲಿ ಲೋಕದ ವಸ್ತುಗಳನ್ನು ಎರಡಾಗಿ ವಿಂಗಡಿಸಿದ. ಒಂದರ ಬದಲಿಗೆ ಸಮಾನವಾದ ಇನ್ನೊಂದನ್ನು ಇಡಬಹುದಾದರೆ ಅದಕ್ಕೆ ಬೆಲೆಯಿದೆ. ಬದಲಿಯೇ ಇಲ್ಲದ್ದಕ್ಕೆ ಘನತೆಯಿದೆ. ಮನುಷ್ಯ ಎರಡನೆಯ ಸಾಲಿನವನು. ಗುಲಾಮಗಿರಿಯ ಪಾಪವನ್ನು ಅಳೆಯಲು ಈ ವಿಂಗಡಣೆ ಸಾಕು. ಕೌದಿಗೆ ಅದು ಸಾಲದು. ಕೌದಿ ಬಟ್ಟೆ, ಬಟ್ಟೆಗೆ ಬೆಲೆಯುಂಟು. ಆದರೆ ಅಜ್ಜಿಯ ಸೀರೆಯ ತುಂಡು, ಶಾಲೆಗೆ ಹೋದ ಮಗನ ಅಂಗಿಯ ತುಂಡು ಸೇರಿದ ಕೌದಿಗೆ ಬದಲಿ ಎಲ್ಲಿಂದ ತರುವುದು? ಅದನ್ನು ಮಾರಿದ ತಾಯಿ ಬಟ್ಟೆಯನ್ನಷ್ಟೇ ಮಾರಿದಳೋ, ಬೇರೇನನ್ನೋ ಮಾರಿದಳೋ? ಸರಕು ಮತ್ತು ಬಾಳು ಒಂದರೊಳಗೊಂದು ಹೊಲಿದುಕೊಂಡ ವಸ್ತುಗಳ ಮುಂದೆ ದಾರ್ಶನಿಕರ ಗೆರೆ ನೇರವಾಗಿ ಓಡುವುದಿಲ್ಲ. ಅಲ್ಲಿ ಗೆರೆ ಎಳೆಯುವ ಹಕ್ಕು ಹೊಲಿದವಳದು ಎಂಬುದು ಈ ಲೇಖನದ ವಾದ.

ಇದೇ ಸೀಮೆಯಲ್ಲಿ ಈ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಎದುರಿಸಿದವರು ಮುಂಡಗೋಡದ ಟಿಬೆಟನ್ ಭಿಕ್ಷುಗಳು. 1966ರಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ಡೊಗುಲಿಂಗ್ ವಸತಿ ಆರಂಭವಾಯಿತು. ಬಂಗಾಳದ ಬಕ್ಸಾದ ಹಳೆಯ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದಿದ್ದ ಭಿಕ್ಷುಗಳು ಆಮೇಲೆ ಇಲ್ಲಿಗೆ ಬಂದು, ಲ್ಹಾಸಾ ಬಳಿ 1409ರಲ್ಲಿ ಹುಟ್ಟಿದ ಗಾಡೆನ್ ಮತ್ತು 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಟಿಬೆಟಿನಲ್ಲಿ ಆ ಮಠಗಳಿಗೆ ಜಮೀನಿತ್ತು, ಒಕ್ಕಲಿತ್ತು, ದಾನಿಗಳಿದ್ದರು. ಇಲ್ಲಿ ಏನೂ ಇರಲಿಲ್ಲ. ಭಿಕ್ಷು ನೆಲ ಅಗೆಯಬಾರದೆಂದು ವಿನಯವೆಂಬ ಭಿಕ್ಷುಸಂಘದ ನಿಯಮಾವಳಿ ಹೇಳುತ್ತದೆ; ಮೊದಲ ವರ್ಷಗಳಲ್ಲಿ ಅವರು ಗುದ್ದಲಿ ಹಿಡಿದು ಹೊಲದಲ್ಲಿ ದುಡಿದರು. ಹೊಟ್ಟೆಗೂ ನಿಯಮಕ್ಕೂ ನಡುವೆ ಒಂದನ್ನು ಆರಿಸಬೇಕಾಗಿ ಬಂದಾಗ ಅವರು ಅಧ್ಯಯನ ಉಳಿಯುವ ದಾರಿಯನ್ನು ಆರಿಸಿದರು. ಗೃಹಸ್ಥ ಟಿಬೆಟನ್ನರು ಚಳಿಗಾಲ ಬಂತೆಂದರೆ ಸ್ವೆಟರಿನ ಗಂಟು ಹೊತ್ತು ಊರೂರಿಗೆ ಹೊರಟರು. ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಅವರ ಅಂಗಡಿಸಾಲಿನಲ್ಲಿ ಉಣ್ಣೆಯ ಟೊಪ್ಪಿಗೆ ಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

1980ರ ದಶಕದ ಕೊನೆಗೆ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳ ತಂಡ ಅಮೆರಿಕ ಪ್ರವಾಸ ಶುರುಮಾಡಿತು. ಗಂಟಲಿನಾಳದಿಂದ ಒಂದೇ ಸಲಕ್ಕೆ ಹಲವು ಸ್ವರ ಹೊರಡಿಸುವ ಮಂತ್ರಪಠಣ, ಮುಖವಾಡದ ನೃತ್ಯ, ಬಣ್ಣದ ಮರಳಿನ ಮಂಡಲ. ನಟ ರಿಚರ್ಡ್ ಗೇರ್ ಬೆಂಬಲಕ್ಕೆ ನಿಂತರು. ಟಿಕೆಟ್ಟಿನ ಹಣ, ದೇಣಿಗೆ ಮುಂಡಗೋಡದ ಮಠದ ಅನ್ನಕ್ಕೆ, ಓದಿಗೆ ಬಂತು. ಅಟ್ಲಾಂಟಾದಲ್ಲಿ ಮಠದ ಕೇಂದ್ರವಾಯಿತು, ಎಮೊರಿ ವಿಶ್ವವಿದ್ಯಾಲಯದೊಡನೆ ನಂಟು ಬೆಳೆಯಿತು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇಷ್ಟು ಯಶಸ್ವಿಯಾದ ಅಂತರರಾಷ್ಟ್ರೀಯ ಯೋಜನೆ ಉತ್ತರ ಕನ್ನಡದಿಂದ ಇನ್ನೊಂದು ಹೊರಟಿರಲಾರದು. ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದ ಮರುವರ್ಷ, 2002ರ ಜನವರಿಯಲ್ಲಿ, ಈ ಮಠದ ಭಿಕ್ಷುಗಳು ವಾಷಿಂಗ್ಟನ್ನಿನ ಸ್ಯಾಕ್ಲರ್ ಗ್ಯಾಲರಿಯಲ್ಲಿ ಏಳು ಅಡಿ ಅಗಲದ ಮಂಡಲ ರಚಿಸಿದರು. ನೊಂದ ದೇಶಕ್ಕೆ ಸಾಂತ್ವನವೆಂದು ಅದನ್ನು ಅರ್ಪಿಸಿದರು.

ಗುಡಿಯೊಳಗಿನ ಸಾಧನೆಯನ್ನು ರಂಗದ ಮೇಲೆ ತಂದದ್ದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ದಿನಗಟ್ಟಲೆ ಬಾಗಿ ಕುಳಿತು, ಲೋಹದ ಕೊಳವೆಯಿಂದ ಒಂದೊಂದೇ ಕಣ ಸುರಿದು ಕಟ್ಟಿದ ಮಂಡಲವನ್ನು ಅವರು ಮಾರುವುದಿಲ್ಲ. ಮುಗಿದ ಮೇಲೆ ಗುಡಿಸಿಬಿಡುತ್ತಾರೆ. ಆ ಮರಳಿನಲ್ಲಿ ಒಂದಿಷ್ಟನ್ನು ನೆರೆದವರಿಗೆ ಹಂಚಿ, ಉಳಿದದ್ದನ್ನು ಹರಿಯುವ ನೀರಿಗೆ ಬಿಡುತ್ತಾರೆ. ಯಾವ ಸಂಗ್ರಾಹಕನೂ ಅದನ್ನು ಕೊಂಡು ಗೋಡೆಗೆ ತೂಗುಹಾಕುವಂತಿಲ್ಲ. ಲೋಕದ ಮುಂದೆ ಎಲ್ಲವನ್ನೂ ತೆರೆದಿಟ್ಟರೂ ಮಾರಾಟಕ್ಕೆ ಸಿಗದ ಒಂದನ್ನು ಯೋಜನೆಯ ನಟ್ಟನಡುವೆ ಇಟ್ಟುಕೊಂಡಿದ್ದಾರೆ. ಹಾಗೆಂದೇ ಅವರ ಪ್ರವಾಸ ಜಾತ್ರೆಯ ಪ್ರದರ್ಶನವಾಗದೆ ಉಳಿದಿದೆ ಎಂದು ತೋರುತ್ತದೆ.

ಸಿದ್ದಿ ಹೆಂಗಸರಿಗೆ ಮಂಡಲದ ದಾರಿ ಒದಗುವುದಿಲ್ಲ. ಭಿಕ್ಷುವಿಗೆ ಮಠವಿದೆ, ಹಿಂದೆ ಆರುನೂರು ವರ್ಷದ ಶಾಸ್ತ್ರವಿದೆ, ದಲೈಲಾಮರ ಆಶೀರ್ವಾದವಿದೆ. ಹಳಿಯಾಳದ ಹಳ್ಳಿಯ ಹೆಂಗಸಿಗೆ ದಿನಗೂಲಿ ಇದೆ. ಅವಳು ತನ್ನ ಕೈಯ ವಸ್ತುವನ್ನೇ ಮಾರಬೇಕು. ಅವಳಿಗೆ ಹತ್ತಿರದ ಉದಾಹರಣೆ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರು. ಹತ್ತಿಯ ತೋಟದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಅವರೂ ಹಳೆಯ ಬಟ್ಟೆಯ ತುಂಡುಗಳಿಂದ ಹೊದಿಕೆ ಹೊಲಿಯುತ್ತಾರೆ. ಮುಂಡಗೋಡದಲ್ಲಿ ಟಿಬೆಟನ್ ವಸತಿ ಶುರುವಾದ 1966ರಲ್ಲೇ ಆ ಭಾಗದಲ್ಲಿ ನಾಗರಿಕ ಹಕ್ಕುಗಳ ಚಳವಳಿಯ ಬಿಸಿಯಲ್ಲಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರಿ ಸಂಘ ಹುಟ್ಟಿತು. ದೊಡ್ಡ ಅಂಗಡಿಗಳು ಆರ್ಡರು ಕೊಟ್ಟವು. 1972ರಲ್ಲಿ ಸಿಯರ್ಸ್ ಕಂಪನಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಹೊದಿಕೆಗಳನ್ನು ಹೊಲಿಸಿಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕೈಗೆ ಸಂಬಳ ಬಂತು, ಮನೆಗಳಿಗೆ ಆಸರೆಯಾಯಿತು. ಆದರೆ ಅಂಗಡಿಗೆ ಬೇಕಿದ್ದದ್ದು ಒಂದರಂತೆ ಒಂದಿರುವ ನೂರಾರು ನಗ. ಒಂದರಂತೆ ಇನ್ನೊಂದು ಇರದಂತೆ ಹೊಲಿಯುವುದೇ ಆ ಹೆಂಗಸರ ಕಲೆಯಾಗಿತ್ತು.

ಮುಂದಿನ ಕತೆ ಇನ್ನೂ ಕಲಿಸುವಂಥದ್ದು. 2002ರ ಹೊತ್ತಿಗೆ ಜೀಸ್ ಬೆಂಡ್ ಕೌದಿಗಳು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅವುಗಳ ಚಿತ್ರ ಅಮೆರಿಕದ ಅಂಚೆಚೀಟಿಗಳಲ್ಲಿ ಬಂತು. ಮರುವರ್ಷವೇ ಅಲ್ಲಿನ ಮೂವರು ಹೆಂಗಸರು ಕೌದಿ ಮತ್ತು ವಿನ್ಯಾಸಗಳ ಗಳಿಕೆಯಲ್ಲಿ ತಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲವೆಂದು ಸಂಗ್ರಾಹಕರ ಮೇಲೆ ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ವ್ಯಾಜ್ಯಗಳು ಇತ್ಯರ್ಥಗೊಂಡವು. ಕೌದಿ ಹೋದರೂ ಅದರ ವಿನ್ಯಾಸ ಯಾರದು, ಅಜ್ಜಿಯ ಕಾಲದಿಂದ ಬಂದ ಕೈಚಳಕಕ್ಕೆ ಒಡೆಯರು ಯಾರು, ಒಮ್ಮೆ ಮಾರಿದ ಮೇಲೆ ಮಾರಿದವಳಿಗೆ ಅದರ ಮೇಲೆ ಏನಾದರೂ ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ಆ ಊರಿನಲ್ಲಿ ಪ್ರಸಿದ್ಧಿ ಬಂದ ಮೇಲೆ ಎದ್ದವು. ಹಳಿಯಾಳದಲ್ಲಿ ಪ್ರಸಿದ್ಧಿ ಬರುವ ಮೊದಲೇ ಇವನ್ನು ಕೇಳಿ ಮುಗಿಸುವ ಅವಕಾಶವಿದೆ.

ಈಗ ಏನು ಹೇಳಿ ಮಾರುವುದೆಂಬ ಪ್ರಶ್ನೆ. ಇಂದಿನ ಮಾರುಕಟ್ಟೆ ವಸ್ತುವಿನ ಜೊತೆಗೆ ಕತೆಯನ್ನೂ ಕೇಳುತ್ತದೆ. ಯಾರು ಮಾಡಿದರು, ಎಲ್ಲಿ, ಎಂಥ ಕಷ್ಟದಲ್ಲಿ ಎಂದು ತಿಳಿಯಲು ದೂರದ ಗಿರಾಕಿ ಬಯಸುತ್ತಾನೆ. ಅದರಲ್ಲಿ ಒಳ್ಳೆಯದೂ ಇದೆ, ದುಡಿದವರ ಮುಖ ಮರೆಯಾಗುವುದಿಲ್ಲ. ಅಪಾಯ ಎಲ್ಲಿದೆಯೆಂದರೆ, ಕೌದಿಗಿಂತ ಮುಖವೇ ಸರಕಾಗುವಲ್ಲಿ. ಭಾರತದ ಆಫ್ರಿಕನ್ನರು, ಕಳೆದುಹೋದ ಖಂಡದ ನೆನಪು ಎಂಬಂಥ ಮಾತು ಅಮೆರಿಕದ ಗಿರಾಕಿಯ ಮನಸ್ಸನ್ನು ಥಟ್ಟನೆ ಹಿಡಿಯುತ್ತದೆ. ಅದು ಸುಳ್ಳೂ ಅಲ್ಲ. ಅಟ್ಲಾಂಟಿಕಿನ ಆಚೆಗಿನ ಕರಿಯರ ಕೌದಿಗಳಿಗೂ ಇವಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ತೋರಿಸಿದ್ದಾರೆ. ಆದರೆ ಕೌದಿ ಉತ್ತರ ಕರ್ನಾಟಕದ ಮನೆಮನೆಯದು. ಧಾರವಾಡದ, ಬಾಗಲಕೋಟೆಯ ಅಜ್ಜಿಯಂದಿರು ಹೊಲಿದಿದ್ದಾರೆ. ಘಟ್ಟದ ಆಚೆ ಮರಾಠಿ ಹೆಂಗಸರು ಗೋಧಡಿ ಹೊಲಿಯುತ್ತಾರೆ. ಸಿದ್ದಿಗಳು ಮನೆಯಲ್ಲಿ ಕೊಂಕಣಿ ಆಡುತ್ತಾರೆ, ಪೇಟೆಯಲ್ಲಿ ಕನ್ನಡ. ಅವರ ಕೌದಿಯಲ್ಲಿ ಈ ನೆಲದ ನೆರೆಹೊರೆಯೂ ಇದೆ. ಬೇರೆತನವನ್ನಷ್ಟೇ ಎತ್ತಿ ಹೇಳಿದರೆ ಅರ್ಧ ಸತ್ಯ ಹೇಳಿದಂತೆ. ತಲೆಮಾರುಗಳಿಂದ ಇಲ್ಲಿನವರಾಗಲು ಹೆಣಗಿದ ಜನರನ್ನು ಮಾರಾಟದ ಅನುಕೂಲಕ್ಕಾಗಿ ಮತ್ತೆ ಹೊರಗಿನವರಾಗಿ ನಿಲ್ಲಿಸುವುದು ಸಣ್ಣ ತಪ್ಪಲ್ಲ.

ಬೌದ್ಧರ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ವಾಕ್ಕು, ಸಮ್ಯಕ್ ಕರ್ಮ, ಸಮ್ಯಕ್ ಆಜೀವ ಒಂದರ ಹಿಂದೊಂದು ಬರುತ್ತವೆ. ಜೀವನೋಪಾಯಕ್ಕಾಗಿ ಆಡುವ ಮಾತು, ಎಂದರೆ ಜಾಹೀರಾತು, ಮೊದಲನೆಯದಕ್ಕೂ ಮೂರನೆಯದಕ್ಕೂ ಒಟ್ಟಿಗೆ ಉತ್ತರ ಕೊಡಬೇಕು. ಒಳ್ಳೆಯ ಸರಕನ್ನು ಸುಳ್ಳು ಹೇಳಿ ಮಾರಿದರೆ ಆಜೀವವೂ ಕೆಡುತ್ತದೆ.

ಇಲ್ಲಿ ಕಾನೂನಿನ ಸಣ್ಣ ಸಂಗತಿಯೊಂದು ನೆರವಿಗೆ ಬರುತ್ತದೆ. ಅಮೆರಿಕದಲ್ಲಿ ಮಾರುವ ಜವಳಿಗೆ ಯಾವ ನೂಲು ಎಷ್ಟು ಪಾಲು, ಯಾವ ದೇಶದಲ್ಲಿ ತಯಾರಾದದ್ದು ಎಂಬ ಚೀಟಿ ಇರಬೇಕು. ಹತ್ತಾರು ಹಳೆಯ ಬಟ್ಟೆ ಸೇರಿದ ಕೌದಿಯಲ್ಲಿ ಹತ್ತಿಯೆಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಹೇಳುವವರು ಯಾರು? ಚಿಂದಿಯಿಂದ ಮಾಡಿದ, ನೂಲು ಗುರುತಿಸಲಾಗದ ವಸ್ತುವಿಗೆ ನೂಲು ತಿಳಿಯದು ಎಂದೇ ಬರೆಯಲು ಆ ನಿಯಮದಲ್ಲಿ ಅವಕಾಶವಿದೆ. ತಿಳಿಯದ್ದನ್ನು ತಿಳಿಯದೆಂದು ಬರೆಯಲು ಸುಂಕದ ಕಟ್ಟೆ ಬಿಡುತ್ತದೆ. ಜಾಹೀರಾತಿನ ಭಾಷೆ ಅದನ್ನು ಸಹಿಸುವುದಿಲ್ಲ. ಸಿದ್ದಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಪೂರ್ವಜರು ಆಫ್ರಿಕದ ಯಾವ ಊರಿನವರು, ಯಾವ ಭಾಷೆಯವರು ಎಂದು ಗೊತ್ತಿಲ್ಲ. ಮಾರಿದವರು ಆ ಗುರುತನ್ನು ಉಳಿಸಲಿಲ್ಲ. ಆ ಜಾಗವನ್ನು ಸೊಗಸಾದ ಕಲ್ಪನೆಯಿಂದ ತುಂಬಿ ಗಿರಾಕಿಗೆ ಕೊಡಬಹುದು, ಇಲ್ಲವೇ ಇದ್ದ ಹಾಗೆ ಹೇಳಬಹುದು. ಎರಡನೆಯದರಲ್ಲಿ ಮಾರಾಟ ಒಂದಿಷ್ಟು ಕಡಿಮೆಯಾದರೆ ಆಗಲಿ.

ಎಷ್ಟು ಹೊಲಿಯುವುದು ಎಂಬುದು ಕೊನೆಯ ಕಗ್ಗಂಟು. ಇದಕ್ಕೆ ಹನ್ನೆರಡನೆಯ ಶತಮಾನದ ಶರಣರ ಬಳಿ ಒಂದು ಉತ್ತರವಿದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಕಾಯಕವೆಂದರೆ ದುಡಿಮೆಯ ಹೊಗಳಿಕೆ ಎಂದು ನಾವು ಬಹಳ ಸಲ ಓದಿಕೊಂಡಿದ್ದೇವೆ. ಆ ಮನೆಯಲ್ಲಿ ಕಾಯಕದ ಜೊತೆಗೆ ಸಾಕು ಎಂಬ ಮಾತೂ ಇತ್ತು. ಅದನ್ನು ಹೇಳಿದ್ದು ಮನೆಯ ಹೆಣ್ಣು. ನೂರು ಕೌದಿಯ ಆರ್ಡರು ಬಂದು, ಮುಂದಿನ ತಿಂಗಳಿಗೆ ಐನೂರು ಬೇಕೆಂದಾಗ ಸಾಕು ಎನ್ನುವ ಅಧಿಕಾರ ಯಾರ ಕೈಯಲ್ಲಿರಬೇಕು? ಊರಿಗೆ ಬಂದು ಹೋಗುವ ಏಜೆಂಟನ ಕೈಯಲ್ಲಿದ್ದರೆ ಆ ಮಾತು ಎಂದೂ ಹೊರಡುವುದಿಲ್ಲ. ಹೊಲಿಗೆಯಂತ್ರ ಬರುತ್ತದೆ, ಹೊಸ ಬಟ್ಟೆಯ ಕತ್ತರಿಚೂರು ಬರುತ್ತದೆ, ಸಮಯ ತಿನ್ನುವ ಫುಲ ಮೊದಲು ಬಿದ್ದುಹೋಗುತ್ತದೆ.

ಬಡತನದ ಎದುರು ಇಂಥ ಮಾತು ಸುಲಭ ಎಂದು ಯಾರಾದರೂ ಹೇಳಬಹುದು. ಅದು ಗಂಭೀರವಾದ ಆಕ್ಷೇಪ. ಕೂಲಿಗೆ ಹೋಗುವ ಹೆಂಗಸಿಗೆ ಐನೂರು ಕೌದಿಯ ಆರ್ಡರೆಂದರೆ ಮಗಳ ಪಿಯುಸಿ ಫೀಸು, ಸೋರುವ ಮನೆಗೆ ಹೆಂಚು. ಹೊರಗಿನ ಓದಿದವರು ಪಾವಿತ್ರ್ಯದ ಹೆಸರಿನಲ್ಲಿ ಅವಳ ಕೈ ಕಟ್ಟಬಾರದು. ಲಕ್ಕಮ್ಮನ ಕತೆಯಲ್ಲಿ ಬೇಡ ಎಂದವರು ಊರಿನ ಸಿರಿವಂತರಲ್ಲ ಎಂಬುದೇ ಮುಖ್ಯ, ಅವಳೇ ಎಂದಳು. ಹೊಲಿಯುವವಳು ಎಲ್ಲವನ್ನೂ ಮಾರುತ್ತೇನೆಂದರೆ ಅದು ಅವಳ ತೀರ್ಮಾನ. ತಡೆಯಬೇಕಾದದ್ದು ಅವಳ ಪರವಾಗಿ ಇನ್ನೊಬ್ಬರು ಹೂಂ ಎನ್ನುವುದನ್ನು. ಅವಳ ಪೂರ್ವಜರ ಮಾರಾಟದಲ್ಲಿ ನಡೆದದ್ದು ಅದೇ ತಾನೆ: ಬೆಲೆಯ ಮಾತುಕತೆ ಅವರನ್ನು ಕೇಳದೆಯೇ ಮುಗಿದಿತ್ತು.

ಇದನ್ನೆಲ್ಲ ಕಾಗದದ ಮೇಲೆ ತರುವುದು ಕಷ್ಟವೇನಲ್ಲ. ರಫ್ತು ಮಾಡುವವರಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಐಇಸಿ ಸಂಖ್ಯೆ ಬೇಕು. ಅದು ನಡುವಿನ ವ್ಯಾಪಾರಿಯ ಹೆಸರಿಗೆ ಬರದೆ ಹೆಂಗಸರ ಸಂಘದ ಹೆಸರಿಗೆ ಬರಬೇಕು. 2022ರಿಂದ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದು ಸಣ್ಣ ಪಾರ್ಸೆಲನ್ನೂ ಸುಂಕದ ಕಾಗದಪತ್ರದೊಂದಿಗೆ ಹೊರದೇಶಕ್ಕೆ ಕಳಿಸಲು ದಾರಿ ಮಾಡಿದೆ. ಹಡಗಿನ ಕಂಟೇನರು ತುಂಬಿಸಲೇಬೇಕೆಂಬ ಒತ್ತಡ ಇದರಿಂದ ಇಲ್ಲವಾಯಿತು. ಹತ್ತು ಕೌದಿಯಿದ್ದರೆ ಹತ್ತು ಕಳಿಸಬಹುದು. ವಿನ್ಯಾಸವನ್ನು ಬೇರೆ ಕಂಪನಿ ಬಟ್ಟೆಯ ಮೇಲೆ ಅಚ್ಚು ಹಾಕಬೇಕೆಂದರೆ ಅದಕ್ಕೆ ಪ್ರತ್ಯೇಕ ಕರಾರು, ಪ್ರತ್ಯೇಕ ಹಣ. ಹೊಲಿದವಳ ಫೋಟೋ, ಹೆಸರು, ಜಾತಿ, ಧರ್ಮ ಚೀಟಿಯಲ್ಲಿ ಬರಬೇಕೋ ಬೇಡವೋ ಎಂಬುದಕ್ಕೆ ಪ್ರತಿ ಕೌದಿಗೂ ಅವಳ ಒಪ್ಪಿಗೆ. ನಾಟಿ, ಕೊಯ್ಲುಗಳ ತಿಂಗಳಲ್ಲಿ ಆರ್ಡರು ತೆಗೆದುಕೊಳ್ಳುವುದಿಲ್ಲವೆಂಬ ಸಾಲು ಗಿರಾಕಿಗೆ ಮೊದಲೇ ತಿಳಿದಿರಲಿ.

ತೊಟ್ಟಿಲ ಕೌದಿಯ ಮಾತು ಮಾತ್ರ ತೆರೆದೇ ಇದೆ. ಕೂಸಿಗೆಂದು ಚಿಕ್ಕ ಚಿಕ್ಕ ಬಣ್ಣದ ತುಂಡುಗಳಿಂದ ಹೊಲಿಯುವ ಈ ಕೌದಿಗಳೇ ಹೊರಗಿನವರ ಕಣ್ಣಿಗೆ ಅತಿ ಚೆಲುವಾಗಿ ಕಾಣುತ್ತವೆ, ಕಳಿಸಲು ಹಗುರ, ಬೆಲೆಯೂ ಕಡಿಮೆ. ಯಾವ ಸಲಹೆಗಾರನಾದರೂ ಮೊದಲು ಬೆರಳು ತೋರುವುದು ಅವುಗಳ ಕಡೆಗೇ. ಹಳಿಯಾಳದ ಒಂದು ಕೇರಿಯ ಹೆಂಗಸರು ಅವನ್ನು ಮಾರಲು ಒಪ್ಪಬಹುದು, ಯಲ್ಲಾಪುರದ ಇನ್ನೊಂದು ಕೇರಿಯವರು ಹುಟ್ಟಿದ ಕೂಸಿನದ್ದು ಮನೆಯಲ್ಲೇ ಇರಲಿ ಎನ್ನಬಹುದು. ಎರಡೂ ಕೇರಿಗಳ ಮಾತು ನಿಲ್ಲುವಂತೆ ಯೋಜನೆಯ ಮೊದಲ ಪುಟದಲ್ಲಿ ಆಯಾ ಕೇರಿಗೊಂದು ಪಟ್ಟಿ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಅವರೇ ಕುಳಿತು ತಿದ್ದಬೇಕು.